ಕರಿಮೆಣಸು ಮೈಗೆ ಹತ್ತಿಸುವುದು ಏನನ್ನು? ಪೈಪರಿನ್ ಅನ್ನು ಅರಿತು ಬಳಸುವ ಬಗೆ

ಅರಿಶಿನದ ಹಾಲಿಗೆ ಎರಡು ಕಾಳು ಮೆಣಸು ಜಜ್ಜಿ ಹಾಕಬೇಕೆಂದು ಈಗ ಎಲ್ಲರೂ ಹೇಳುತ್ತಾರೆ. ಏಕೆಂದು ಕೇಳಿದರೆ, ಮೆಣಸು ಸೇರಿದರೆ ಅರಿಶಿನ ಚೆನ್ನಾಗಿ ಮೈಗೆ ಹತ್ತುತ್ತದೆ ಎಂಬ ಉತ್ತರ ಬರುತ್ತದೆ. ಉತ್ತರ ತಪ್ಪಲ್ಲ, ಆದರೆ ಅದರಲ್ಲಿ ಎಷ್ಟು ಮೆಣಸು, ಯಾವುದರ ಜೊತೆ, ಯಾರಿಗೆ ಎಂಬ ಮೂರು ಮುಖ್ಯ ಸಂಗತಿಗಳು ಬಿಟ್ಟುಹೋಗಿವೆ. ಇನ್ನೊಂದು ಕಡೆ, ಇದೇ ಮಾತನ್ನು ಹಿಡಿದು ಕರಿಮೆಣಸಿನ ಸಾರವನ್ನು ಗುಳಿಗೆಗಳಲ್ಲಿ ತುಂಬಿ ಮಾರುವ ವ್ಯಾಪಾರವೂ ಜೋರಾಗಿ ನಡೆದಿದೆ. ಅಡುಗೆಮನೆಯ ಮೆಣಸನ್ನು ಪೋಷಕಾಂಶದ ದೃಷ್ಟಿಯಿಂದ ಸರಿಯಾಗಿ ಬಳಸಬಯಸುವವರಿಗೂ, ಗುಳಿಗೆ ಕೊಳ್ಳಬೇಕೇ ಬೇಡವೇ ಎಂದು ಯೋಚಿಸುತ್ತಿರುವವರಿಗೂ ಈ ಲೇಖನ ಹಂತ ಹಂತವಾಗಿ ದಾರಿ ತೋರಿಸುತ್ತದೆ.

ಮೊದಲನೆಯ ಹಂತ: ಕರುಳಿನಲ್ಲಿ ಏನಾಗುತ್ತದೆ ಎಂಬುದನ್ನು ತಿಳಿದುಕೊಳ್ಳಿ

ಕರಿಮೆಣಸಿನ ಖಾರಕ್ಕೆ ಕಾರಣವಾದ ವಸ್ತುವಿನ ಹೆಸರು ಪೈಪರಿನ್. ಡೆನ್ಮಾರ್ಕಿನ ವಿಜ್ಞಾನಿ ಹಾನ್ಸ್ ಕ್ರಿಶ್ಚಿಯನ್ ಅರ್ಸ್ಟೆಡ್ ಅವರು 1819ರಲ್ಲಿ ಇದನ್ನು ಕಾಳಿನಿಂದ ಬೇರ್ಪಡಿಸಿದರು. ಮರುವರ್ಷ, ವಿದ್ಯುತ್ ಹರಿಯುವ ತಂತಿಯು ದಿಕ್ಸೂಚಿಯ ಮುಳ್ಳನ್ನು ಅಲುಗಿಸುತ್ತದೆಂದು ತೋರಿಸಿ ಭೌತವಿಜ್ಞಾನದ ಚರಿತ್ರೆಯಲ್ಲಿ ಹೆಸರಾದವರೂ ಅವರೇ. ಹಸಿಮೆಣಸಿನಕಾಯಿಯ ಖಾರ ಬೇರೆ, ಅದು ಕ್ಯಾಪ್ಸೈಸಿನ್ ಎಂಬ ವಸ್ತುವಿನದು. ಹಿಪ್ಪಲಿಯಲ್ಲಿರುವುದು ಮಾತ್ರ ಕರಿಮೆಣಸಿನಲ್ಲಿರುವ ಪೈಪರಿನ್ನೇ. ಶುಂಠಿ, ಮೆಣಸು, ಹಿಪ್ಪಲಿ ಸೇರಿದ ತ್ರಿಕಟುವನ್ನು ಆಯುರ್ವೇದದವರು ಅಷ್ಟೊಂದು ಔಷಧಿಗಳ ಜೊತೆಗೆ ಬೆರೆಸುತ್ತಿದ್ದುದು ಏಕಿರಬಹುದು ಎಂಬ ಪ್ರಶ್ನೆಯಿಂದಲೇ ಜಮ್ಮುವಿನ ಪ್ರಾದೇಶಿಕ ಸಂಶೋಧನಾಲಯದವರು 1970ರ ದಶಕದ ಕೊನೆಯಲ್ಲಿ ಪೈಪರಿನ್ ಬೆನ್ನು ಹತ್ತಿದ್ದು.

ನಾವು ತಿಂದದ್ದೆಲ್ಲ ಮೈಗೆ ಹತ್ತುವುದಿಲ್ಲ. ಸಣ್ಣ ಕರುಳಿನ ಒಳಗೋಡೆಯ ತುಂಬ ಬೆರಳಿನಂಥ ಚಾಚುಗಳಿದ್ದು, ಆ ಚಾಚುಗಳನ್ನು ಹೊದ್ದ ಒಂದೇ ಪದರದ ಜೀವಕೋಶಗಳ ಮೇಲೆ ಬ್ರಶ್ಶಿನ ಎಳೆಗಳಂತೆ ಇನ್ನೂ ಸೂಕ್ಷ್ಮವಾದ ಚಾಚುಗಳಿರುತ್ತವೆ. ಅರಗಿದ ಆಹಾರ ರಕ್ತಕ್ಕೆ ಸೇರಬೇಕಾದರೆ ಈ ಪದರವನ್ನು ದಾಟಬೇಕು. ಇದು ಬರೀ ಜರಡಿಯಲ್ಲ, ಘಟ್ಟದ ದಾರಿಯ ಚೆಕ್‌ಪೋಸ್ಟಿನಂತೆ ಇಲ್ಲಿ ತಪಾಸಣೆಯೂ ನಡೆಯುತ್ತದೆ. ಒಳಬಂದ ಅಪರಿಚಿತ ವಸ್ತುವಿಗೆ ಗ್ಲುಕುರೋನಿಕ್ ಆಮ್ಲವೆಂಬ ಬಾಲ ಅಂಟಿಸಿ, ಅದು ನೀರಿನಲ್ಲಿ ಕರಗಿ ಹೊರಹೋಗುವಂತೆ ಮಾಡುವ ಕಿಣ್ವಗಳು ಕರುಳಿನ ಗೋಡೆಯಲ್ಲಿಯೂ ಪಿತ್ತಜನಕಾಂಗದಲ್ಲಿಯೂ ಇವೆ. ಸಿವೈಪಿ3ಎ4 ಎಂಬ ಇನ್ನೊಂದು ಕಿಣ್ವ ವಸ್ತುವಿನ ರೂಪವನ್ನೇ ಬದಲಿಸುತ್ತದೆ. ಪಿ-ಗ್ಲೈಕೊಪ್ರೋಟೀನ್ ಎಂಬ ಪಂಪು, ಜೀವಕೋಶದೊಳಗೆ ಬಂದದ್ದನ್ನು ಹಿಡಿದು ಮರಳಿ ಕರುಳಿನ ಟೊಳ್ಳಿಗೆ ತಳ್ಳುತ್ತದೆ.

ಪೈಪರಿನ್ ಈ ಮೂರನ್ನೂ ಅಷ್ಟಿಷ್ಟು ತಡೆಯುತ್ತದೆ. ಜೊತೆಗೆ, ಮೈಸೂರಿನ ಕೇಂದ್ರೀಯ ಆಹಾರ ತಾಂತ್ರಿಕ ಸಂಶೋಧನಾಲಯದವರು, ಅಂದರೆ ನಾವೆಲ್ಲ ಸಿಎಫ್‌ಟಿಆರ್‌ಐ ಎಂದು ಕರೆಯುವ ಸಂಸ್ಥೆಯವರು, ಇಲಿಗಳಿಗೆ 8 ವಾರಗಳ ಕಾಲ ಮೇವಿನಲ್ಲಿ ಮೆಣಸು ಅಥವಾ ಪೈಪರಿನ್ ಬೆರೆಸಿ ಕೊಟ್ಟಾಗ, ಅವುಗಳ ಕರುಳಿನ ಸೂಕ್ಷ್ಮ ಚಾಚುಗಳು ಉದ್ದವಾಗಿದ್ದವು ಮತ್ತು ಆ ಪೊರೆ ಹೆಚ್ಚು ಸಡಿಲಗೊಂಡಿತ್ತು. ಈ ಫಲಿತಾಂಶ 2010ರಲ್ಲಿ ಪ್ರಕಟವಾಯಿತು. ಇಲಿಗಳಲ್ಲಿಯೂ ಚಿಟ್ಟಿಲಿಗಳಲ್ಲಿಯೂ ಪೈಪರಿನ್ ಆಹಾರದ ಸಾಗಾಟವನ್ನು ನಿಧಾನಗೊಳಿಸುವುದೂ ಕಂಡುಬಂದಿದೆ, ನಿಧಾನವಾದಷ್ಟೂ ಹೀರಿಕೊಳ್ಳಲು ಹೊತ್ತು ಹೆಚ್ಚು ಸಿಗುತ್ತದೆ.

ಇಲ್ಲಿ ಗಮನಿಸಬೇಕಾದ ಸಂಗತಿಯೊಂದಿದೆ. ಮೆಣಸು ಪೋಷಕಾಂಶಕ್ಕೆ ಬಲ ತುಂಬುವುದಿಲ್ಲ, ದೇಹ ಇಟ್ಟುಕೊಂಡಿರುವ ಕಾವಲನ್ನು ಸ್ವಲ್ಪ ಹೊತ್ತು ಸಡಿಲಿಸುತ್ತದೆ. ಸಡಿಲವಾದ ಕಾವಲು ಅರಿಶಿನದ ಸತ್ವವನ್ನು ಬಿಟ್ಟುಕೊಟ್ಟಂತೆ ಮಾತ್ರೆಯ ಔಷಧಿಯನ್ನೂ ಬಿಟ್ಟುಕೊಡುತ್ತದೆ, ಅದಕ್ಕೆ ಒಳ್ಳೆಯದು ಕೆಟ್ಟದ್ದೆಂಬ ಭೇದವಿಲ್ಲ. ಮುಂದಿನ ಹಂತಗಳಲ್ಲಿ ಹೇಳುವ ಲಾಭವೂ ಎಚ್ಚರಿಕೆಯೂ ಹುಟ್ಟುವುದು ಇದೊಂದೇ ಕಾರಣದಿಂದ.

ಎರಡನೆಯ ಹಂತ: ನಿಮಗೆ ಬೇಕಾದುದು ಯಾವ ಪೋಷಕಾಂಶ ಎಂಬುದನ್ನು ಮೊದಲು ನಿರ್ಧರಿಸಿ

ಎಲ್ಲ ಪೋಷಕಾಂಶಗಳಿಗೂ ಮೆಣಸಿನ ಅಗತ್ಯವಿಲ್ಲ. ಸಿ ಜೀವಸತ್ವದಂತೆ ನೀರಿನಲ್ಲಿ ಕರಗುವಂಥವಕ್ಕೆ ಕರುಳಿನ ಗೋಡೆಯಲ್ಲಿ ಅವುಗಳದೇ ವಾಹಕಗಳಿವೆ. ಪೈಪರಿನ್ ಹೆಚ್ಚು ಕೆಲಸ ಮಾಡುವುದು ಕೊಬ್ಬಿನಲ್ಲಿ ಕರಗುವ, ಮತ್ತು ಕರುಳಿನ ಕಿಣ್ವಗಳು ಬೇಗನೆ ಹಿಡಿದು ಹೊರಹಾಕುವ ವಸ್ತುಗಳ ಮೇಲೆ. ಅಂಥವುಗಳಲ್ಲಿ ಮೊದಲನೆಯದು ಅರಿಶಿನದ ಹಳದಿಯಾದ ಕರ್ಕ್ಯುಮಿನ್, ಎರಡನೆಯದು ಸೊಪ್ಪು, ಕ್ಯಾರೆಟ್, ಪಪ್ಪಾಯಿ, ಸಿಹಿಗುಂಬಳಗಳಲ್ಲಿದ್ದು ದೇಹದಲ್ಲಿ ಎ ಜೀವಸತ್ವವಾಗುವ ಬೀಟಾ ಕ್ಯಾರೋಟಿನ್.

ಕರ್ಕ್ಯುಮಿನ್ ಕುರಿತು ಲೋಕವೆಲ್ಲ ಉದ್ಧರಿಸುವ ಪ್ರಯೋಗ ನಡೆದದ್ದು ನಮ್ಮ ಬೆಂಗಳೂರಿನ ಸೇಂಟ್ ಜಾನ್ಸ್ ವೈದ್ಯಕೀಯ ಕಾಲೇಜಿನಲ್ಲಿ. 1998ರಲ್ಲಿ ಪ್ರಕಟವಾದ ಆ ವರದಿಯ ಪ್ರಕಾರ, ಆರೋಗ್ಯವಂತರು 2 ಗ್ರಾಂ ಕರ್ಕ್ಯುಮಿನ್ ಅನ್ನು ಹಾಗೆಯೇ ನುಂಗಿದಾಗ ಅದು ರಕ್ತದಲ್ಲಿ ಕಾಣಿಸಿಕೊಳ್ಳಲೇ ಇಲ್ಲ, ಅಥವಾ ತೀರ ಅಲ್ಪ ಪ್ರಮಾಣದಲ್ಲಿ ಕಾಣಿಸಿತು. ಜೊತೆಗೆ 20 ಮಿಲಿಗ್ರಾಂ ಪೈಪರಿನ್ ಕೊಟ್ಟಾಗ ಮೊದಲ ಒಂದು ಗಂಟೆಯೊಳಗೆ ರಕ್ತದಲ್ಲಿನ ಪ್ರಮಾಣ ಬಹಳ ಏರಿ, ಒಟ್ಟು ಲಭ್ಯತೆ ಶೇ 2000ರಷ್ಟು ಹೆಚ್ಚಿತು. ಇಲಿಗಳಲ್ಲಿ ಈ ಹೆಚ್ಚಳ ಶೇ 154 ಮಾತ್ರ. ಜಾಹೀರಾತುಗಳಲ್ಲಿ ಕಾಣುವ ಶೇ 2000ರ ಮೂಲ ಇದೇ.

ಆದರೆ ಈ ಅಂಕಿಯನ್ನು ಓದುವಾಗ ಎರಡು ಲೆಕ್ಕಗಳನ್ನು ಮನಸ್ಸಿನಲ್ಲಿಡಬೇಕು. ಸೊನ್ನೆಯ ಹತ್ತಿರವಿದ್ದುದು ಇಪ್ಪತ್ತು ಪಟ್ಟಾದರೂ ಆಗುವುದು ಸ್ವಲ್ಪವೇ. ಮಿಲಿಲೀಟರಿಗೆ ಮೈಕ್ರೋಗ್ರಾಮಿನ ಐದನೆಯ ಒಂದು ಭಾಗದಷ್ಟನ್ನೂ ಅಲ್ಲಿನ ಸರಾಸರಿ ಮುಟ್ಟಲಿಲ್ಲ. ಎರಡನೆಯದಾಗಿ, ಅರಿಶಿನಪುಡಿಯಲ್ಲಿ ಕರ್ಕ್ಯುಮಿನ್ ಇರುವುದು ಸುಮಾರು ಶೇ 3ರಷ್ಟು. ಅರ್ಧ ಚಮಚ ಅರಿಶಿನವನ್ನು ಒಂದೂವರೆ ಗ್ರಾಂ ಎಂದುಕೊಂಡರೆ ಅದರಲ್ಲಿ ಸಿಗುವುದು 45 ಮಿಲಿಗ್ರಾಂ. ಪ್ರಯೋಗದ 2 ಗ್ರಾಂ ಮುಟ್ಟಬೇಕಾದರೆ 65 ಗ್ರಾಮಿನಷ್ಟು ಅರಿಶಿನವನ್ನು ಒಂದೇ ಸಲಕ್ಕೆ ತಿನ್ನಬೇಕಾಗುತ್ತದೆ. ಹಾಲಿಗೆ ಮೆಣಸು ಹಾಕುವುದು ವ್ಯರ್ಥವೆಂದು ನಾನು ಹೇಳುತ್ತಿಲ್ಲ, ಆದರೆ ಒಂದು ಲೋಟ ಅರಿಶಿನ ಹಾಲಿಗೆ ಪ್ರಯೋಗಾಲಯದ ಫಲವನ್ನು ಹೊರಿಸುವುದು ಸರಿಯಲ್ಲ.

ಬೀಟಾ ಕ್ಯಾರೋಟಿನ್ ವಿಷಯದಲ್ಲಿ ಅಂಕಿಗಳು ಇನ್ನೂ ಸಾಧಾರಣ, ಹಾಗಾಗಿ ನನಗೆ ಅವು ಹೆಚ್ಚು ನಂಬಿಕೆಯವೆನಿಸುತ್ತವೆ. 1999ರಲ್ಲಿ ಪ್ರಕಟವಾದ ಒಂದು ಪ್ರಯೋಗದಲ್ಲಿ 14 ದಿನ 15 ಮಿಲಿಗ್ರಾಂ ಬೀಟಾ ಕ್ಯಾರೋಟಿನ್ ಜೊತೆ ಬರೀ 5 ಮಿಲಿಗ್ರಾಂ ಪೈಪರಿನ್ ಪಡೆದವರ ರಕ್ತದಲ್ಲಿ ಅದರ ಒಟ್ಟು ಪ್ರಮಾಣ ಶೇ 60ರಷ್ಟು ಹೆಚ್ಚಿತ್ತು. ಪೈಪರಿನ್ ಮಾರುವ ಕಂಪನಿಯವರೇ ಆ ಅಧ್ಯಯನದಲ್ಲಿ ಪಾಲುದಾರರಾಗಿದ್ದರು ಎಂಬುದನ್ನೂ ಹೇಳಿಬಿಡಬೇಕು. ಆದರೆ ಸಿಎಫ್‌ಟಿಆರ್‌ಐ ತನ್ನ ಪಾಡಿಗೆ ಇಲಿಗಳಲ್ಲಿ ನಡೆಸಿದ ಪರೀಕ್ಷೆಗಳಲ್ಲಿಯೂ ಮೆಣಸು, ಪೈಪರಿನ್ ಮತ್ತು ಶುಂಠಿ ಬೀಟಾ ಕ್ಯಾರೋಟಿನ್ ಹೀರಿಕೆಯನ್ನು ಹೆಚ್ಚಿಸಿದ್ದವು.

ಮೂರನೆಯ ಹಂತ: ಒಳ್ಳೆಯ ಕಾಳನ್ನು ಆರಿಸಿ, ಕತ್ತಲಲ್ಲಿಡಿ

ಕೊಡಗು, ಚಿಕ್ಕಮಗಳೂರು, ಹಾಸನ, ಶಿವಮೊಗ್ಗ, ಉತ್ತರ ಕನ್ನಡಗಳಲ್ಲಿ ನೆಂಟರಿರುವವರು ಈ ಹಂತವನ್ನು ದಾಟಿಹೋಗಬಹುದು, ಅಡಿಕೆ ಮರಕ್ಕೋ ಸಿಲ್ವರ್ ಓಕಿಗೋ ಹಬ್ಬಿದ ಬಳ್ಳಿಯ ಮೆಣಸು ಅವರ ಮನೆಗೆ ತಾನಾಗಿ ಬರುತ್ತದೆ. ಅಂಗಡಿಯಿಂದ ತರುವವರು ಪುಡಿಯನ್ನು ಬಿಟ್ಟು ಕಾಳನ್ನೇ ಕೊಳ್ಳಿ. ಪಪ್ಪಾಯಿ ಬೀಜದ ಕಲಬೆರಕೆ ಈ ವ್ಯಾಪಾರದ ಹಳೆಯ ಕಾಯಿಲೆ. ಒಂದು ಲೋಟ ನೀರಿಗೆ ಕಾಳುಗಳನ್ನು ಹಾಕಿ ನೋಡಿ, ಒಳ್ಳೆಯ ಮೆಣಸು ತಳ ಸೇರುತ್ತದೆ, ಪಪ್ಪಾಯಿ ಬೀಜ ತೇಲುತ್ತದೆ. ಬೆಳೆಯದ ಜೊಳ್ಳು ಕಾಳೂ ತೇಲುವುದುಂಟು, ಅದನ್ನೂ ತೆಗೆದುಹಾಕಿದರೆ ನಷ್ಟವೇನಿಲ್ಲ. ಬಿಳಿಮೆಣಸು ಬೇರೆ ಗಿಡದ್ದಲ್ಲ, ನೆನೆಸಿ ಸಿಪ್ಪೆ ಕಳಚಿದ ಅದೇ ಕಾಳು, ಮತ್ತು ಪೈಪರಿನ್ ಕಾಳಿನ ಒಳಭಾಗದಲ್ಲಿಯೇ ಇರುವುದರಿಂದ ಅದರಲ್ಲಿಯೂ ಆ ಗುಣ ಕಡಿಮೆಯಿಲ್ಲ.

ಆಗಲೇ ಕುಟ್ಟಿದ ಪುಡಿಯಲ್ಲಿ ಮಾತ್ರ ಗುಣವಿರುತ್ತದೆಂಬ ಮಾತು ಪೂರ್ತಿ ನಿಜವಲ್ಲ. ಕುಟ್ಟಿಟ್ಟಾಗ ಹಾರಿಹೋಗುವುದು ಪರಿಮಳದ ತೈಲ. ಪೈಪರಿನ್ ಹಾಗೆ ಆವಿಯಾಗುವ ವಸ್ತುವಲ್ಲ. ಆದರೆ ಬೆಳಕು ಬಿದ್ದರೆ ಅದರ ಅಣುವಿನ ಆಕಾರ ಬದಲಾಗಿ ಖಾರ ಕುಗ್ಗುತ್ತದೆ. ಕಿಟಕಿಯ ಬಳಿ ಗಾಜಿನ ಭರಣಿಯಲ್ಲಿಟ್ಟ ಪುಡಿಗಿಂತ ಸ್ಟೀಲಿನ ಡಬ್ಬದಲ್ಲಿ ಮುಚ್ಚಿಟ್ಟ ಪುಡಿ ವಾಸಿ.

ನಾಲ್ಕನೆಯ ಹಂತ: ಎಷ್ಟು ಮೆಣಸು ಎಂಬುದನ್ನು ಒಮ್ಮೆ ತೂಗಿ ನೋಡಿ

ಒಂದು ಚಿಟಿಕೆ ಎಂಬ ಅಳತೆಯನ್ನು ನಾನು ನಂಬುವುದಿಲ್ಲ, ಏಕೆಂದರೆ ನಮ್ಮ ಮನೆಯಲ್ಲಿ ಮೂವರ ಚಿಟಿಕೆ ಮೂರು ಬಗೆ. ಒಂದು ಮಧ್ಯಾಹ್ನ ಅಡುಗೆಮನೆಯ ತಕ್ಕಡಿಯ ಮೇಲೆ ಬಟ್ಟಲಿಟ್ಟು, ಕೊಡಗಿನಿಂದ ಬಂದ ದಪ್ಪ ಕಾಳುಗಳನ್ನು ಹತ್ತು ಹತ್ತರಂತೆ ಎಣಿಸಿ ನೂರು ತುಂಬಿಸಿದೆ. ಅಂಕಿ 5 ಗ್ರಾಂ ತೋರಿಸಿತು. ಅಂದರೆ ಇಪ್ಪತ್ತು ಕಾಳಿಗೆ ಒಂದು ಗ್ರಾಂ. ಸಣ್ಣ ಕಾಳಾದರೆ ಇನ್ನೂ ನಾಲ್ಕೈದು ಹೆಚ್ಚು ಬೇಕಾಗಬಹುದು. ಮೆಣಸಿನ ತೂಕದಲ್ಲಿ ಪೈಪರಿನ್ ಪಾಲು ತಳಿಯಿಂದ ತಳಿಗೆ ಬದಲಾಗುತ್ತದಾದರೂ ಶೇ 5 ಎಂದು ಹಿಡಿಯುವುದು ವಾಡಿಕೆ. ಆ ಲೆಕ್ಕದಲ್ಲಿ ಒಂದು ದಪ್ಪ ಕಾಳಿನಲ್ಲಿ ಎರಡೂವರೆ ಮಿಲಿಗ್ರಾಂ ಪೈಪರಿನ್ ಇರುತ್ತದೆ.

ಈಗ ಮೇಲಿನ ಪ್ರಯೋಗಗಳನ್ನು ಕಾಳುಗಳ ಭಾಷೆಗೆ ತನ್ನಿ. ಬೀಟಾ ಕ್ಯಾರೋಟಿನ್ ಪ್ರಯೋಗದ 5 ಮಿಲಿಗ್ರಾಂ ಎಂದರೆ ಎರಡು ಕಾಳು, ಕರ್ಕ್ಯುಮಿನ್ ಪ್ರಯೋಗದ 20 ಮಿಲಿಗ್ರಾಂ ಎಂದರೆ ಎಂಟು ಕಾಳು. ಶುದ್ಧ ಪೈಪರಿನ್ ಮತ್ತು ಕಾಳಿನೊಳಗಿನ ಪೈಪರಿನ್ ಒಂದೇ ರೀತಿ ಬಿಡುಗಡೆಯಾಗುವುದಿಲ್ಲವೆಂಬುದು ನಿಜವಾದರೂ, ಅಡುಗೆಮನೆಯ ಅಳತೆ ಪ್ರಯೋಗದ ಅಳತೆಗಿಂತ ಬಹಳ ದೂರವೇನಿಲ್ಲ ಎಂಬುದಂತೂ ಈ ಲೆಕ್ಕದಿಂದ ಸ್ಪಷ್ಟವಾಗುತ್ತದೆ. ಒಬ್ಬ ವಯಸ್ಕರ ಒಂದು ಊಟದ ಪಾಲಿಗೆ ಎರಡರಿಂದ ಐದು ಕಾಳು ಬರುವಂತೆ ನೋಡಿಕೊಂಡರೆ ಸಾಕು. ನಾಲ್ವರ ಮನೆಯ ಮೆಣಸಿನ ಸಾರಿಗೆ ಒಂದು ಗ್ರಾಮಿನಷ್ಟು, ಅಂದರೆ ಒಂದು ಚಮಚದ ಅರ್ಧಕ್ಕಿಂತ ತುಸು ಕಡಿಮೆ ಪುಡಿ, ಈ ಮಿತಿಯೊಳಗೇ ಬರುತ್ತದೆ.

ಐದನೆಯ ಹಂತ: ಕುಟ್ಟಿ, ಜಿಡ್ಡಿನಲ್ಲಿ ಬೆರೆಸಿ, ಕೊನೆಯಲ್ಲಿ ಹಾಕಿ

ಪೈಪರಿನ್ ನೀರಿನಲ್ಲಿ ಹೆಚ್ಚುಕಡಿಮೆ ಕರಗುವುದೇ ಇಲ್ಲ ಎನ್ನಬಹುದು. ತಣ್ಣನೆಯ ಒಂದು ಲೀಟರ್ ನೀರಿನಲ್ಲಿ ಕರಗುವುದು 40 ಮಿಲಿಗ್ರಾಂ ಮಾತ್ರ. ಬಿಸಿಯಲ್ಲಿ ಸ್ವಲ್ಪ ಹೆಚ್ಚಬಹುದು. ಅದು ಚೆನ್ನಾಗಿ ಕರಗುವುದು ಜಿಡ್ಡಿನಲ್ಲಿ. ಇದನ್ನು ತಿಳಿದ ಮೇಲೆ ನಾನು ಕಷಾಯವನ್ನು ನೋಡುವ ರೀತಿಯೇ ಬದಲಾಯಿತು. ಮೆಣಸು ಜಜ್ಜಿ ಹಾಕಿ ಕುದಿಸಿ, ಆಮೇಲೆ ಶೋಧಿಸಿ, ಸೋಸಣಿಗೆಯಲ್ಲಿ ಉಳಿದ ಕಪ್ಪು ಚರಟವನ್ನು ತುಳಸಿಯ ಬುಡಕ್ಕೆ ಚೆಲ್ಲಿದಾಗ ಪೈಪರಿನ್‌ನ ಒಳ್ಳೆಯ ಪಾಲು ತುಳಸಿಗೇ ಸೇರುತ್ತಿತ್ತು. ಅರಿಶಿನ ಹಾಲಿನ ಕಥೆಯೂ ಹೀಗೆಯೇ. ಲೋಟವನ್ನು ಮೇಜಿನ ಮೇಲೆ ಐದು ನಿಮಿಷ ಇಟ್ಟರೆ ಅಂಚಿನ ಸುತ್ತ ಹಳದಿ ಗೆರೆ ಕಟ್ಟುತ್ತದೆ, ಮೆಣಸಿನ ನುಚ್ಚೆಲ್ಲ ತಳಕ್ಕೆ ಇಳಿದು ಕೊನೆಯ ಗುಟುಕಿನಲ್ಲಿ ಗಂಟಲಿಗೆ ಕುಟುಕುತ್ತದೆ, ಅದಕ್ಕೆ ಹೆದರಿ ಆ ಗುಟುಕನ್ನು ಬಚ್ಚಲಿಗೆ ಸುರಿಯುವವರೇ ಹೆಚ್ಚು. ಆದ್ದರಿಂದ ಮೆಣಸನ್ನು ನುಣ್ಣಗೆ ಪುಡಿ ಮಾಡಿ, ಕೆನೆ ತೆಗೆಯದ ಹಾಲಿಗೆ ಅಥವಾ ಕಾಲು ಚಮಚ ತುಪ್ಪಕ್ಕೆ ಅರಿಶಿನದ ಜೊತೆ ಮೊದಲು ಕಲಸಿ, ಆಮೇಲೆ ಬಿಸಿ ಹಾಲು ಹೊಯ್ದು, ಲೋಟವನ್ನು ಅಲುಗಿಸುತ್ತಾ ತಳದವರೆಗೂ ಕುಡಿಯಿರಿ.

ಇಡೀ ಕಾಳನ್ನು ನುಂಗುವುದರಿಂದ ಪ್ರಯೋಜನ ಕಡಿಮೆ. ಪೊಂಗಲ್‌ನಲ್ಲಿ ಸಿಕ್ಕ ಕಾಳನ್ನು ತಟ್ಟೆಯ ಅಂಚಿಗೆ ಸರಿಸುವ ಮಕ್ಕಳ ಪಾಲಿಗಂತೂ ಏನೂ ದಕ್ಕುವುದಿಲ್ಲ. ಕುಟ್ಟಾಣಿಯಲ್ಲಿ ನಾಲ್ಕು ಏಟು ಹಾಕಿದರೆ ಕರಿಯ ಸಿಪ್ಪೆ ಬಿರಿದು ಒಳಗಿನ ಬಿಳಿಯ ಹಿಟ್ಟು ಕಾಣುತ್ತದೆ, ಪೈಪರಿನ್ ಇರುವುದು ಅಲ್ಲಿ. ಆ ಬಿಳಿ ಕಾಣುವಷ್ಟಾದರೂ ಕುಟ್ಟಿಕೊಳ್ಳಿ.

ಬೇಯಿಸುವಾಗ ಎಷ್ಟು ನಷ್ಟವಾಗುತ್ತದೆಂಬುದನ್ನೂ ಮೈಸೂರಿನವರೇ 2007ರಲ್ಲಿ ಅಳೆದಿದ್ದಾರೆ. ಕುದಿಸುವುದು, ಕುಕ್ಕರಿನಲ್ಲಿ ಬೇಯಿಸುವುದು ಮೊದಲಾದ ನಮ್ಮ ಅಡುಗೆಯ ಕ್ರಮಗಳಲ್ಲಿ ಮೆಣಸಿನ ಪೈಪರಿನ್ ಶೇ 16ರಿಂದ 34ರಷ್ಟು ನಷ್ಟವಾಯಿತು, ಅರಿಶಿನದ ಕರ್ಕ್ಯುಮಿನ್ ಶೇ 27ರಿಂದ 53ರಷ್ಟು ನಷ್ಟವಾಯಿತು. ಎರಡರಲ್ಲೂ ಅತಿ ಹೆಚ್ಚು ನಷ್ಟ ಕುಕ್ಕರಿನಲ್ಲಿ. ಸ್ವಾರಸ್ಯವೆಂದರೆ ಹುಣಿಸೆಹಣ್ಣು ಸೇರಿಸಿದಾಗ ಕರ್ಕ್ಯುಮಿನ್ ನಷ್ಟ ಕಡಿಮೆಯಾಗಿ ಶೇ 12ರಿಂದ 30ರಷ್ಟೇ ಆಯಿತು, ತೊಗರಿಬೇಳೆ ಸೇರಿದಾಗ ಪೈಪರಿನ್ ನಷ್ಟವೂ ತುಸು ಕಡಿಮೆಯಾಯಿತು. ಬೇಳೆ, ಹುಣಿಸೆ, ಅರಿಶಿನ, ಮೆಣಸು ಇಷ್ಟೂ ಕೂಡಿದ ನಮ್ಮ ಸಾರಿನ ಬಗ್ಗೆ ಹೆಮ್ಮೆಪಡಲು ಇದಕ್ಕಿಂತ ಒಳ್ಳೆಯ ನೆಪ ಬೇಕಿಲ್ಲ.

ಹಾಗಾಗಿ ಕ್ರಮ ಹೀಗಿರಲಿ. ಬೇಳೆಯನ್ನು ಕುಕ್ಕರಿನಲ್ಲಿ ಬೇಯಿಸುವಾಗ ಮೆಣಸನ್ನೂ ಅರಿಶಿನವನ್ನೂ ಹಾಕಬೇಡಿ. ಹುಣಿಸೆರಸ ಕುದಿಯುವಾಗ ಅರಿಶಿನ ಸೇರಿಸಿ, ಬೆಂದ ಬೇಳೆ ಬೆರೆಸಿ ಒಂದು ಕುದಿ ಬಂದ ಮೇಲೆ ಉರಿ ತಗ್ಗಿಸಿ. ಸಣ್ಣ ಬಾಣಲೆಯಲ್ಲಿ ಎರಡು ಚಮಚ ತುಪ್ಪ ಕಾಯಿಸಿ ಸಾಸಿವೆ, ಜೀರಿಗೆ, ಕರಿಬೇವು ಸಿಡಿದ ಮೇಲೆ ಒಲೆ ಆರಿಸಿ, ಆ ಬಿಸಿತುಪ್ಪಕ್ಕೆ ಮೆಣಸಿನ ಪುಡಿ ಹಾಕಿ ಒಮ್ಮೆ ತಿರುವಿ ತಕ್ಷಣ ಸಾರಿಗೆ ಸುರಿಯಿರಿ. ಒಲೆ ಉರಿಯುತ್ತಿರುವಾಗ ಹಾಕಿದರೆ ಪುಡಿ ಸೀದು ಕಹಿಯಾಗುತ್ತದೆ, ಮನೆಮಂದಿಯೆಲ್ಲ ಕೆಮ್ಮುವುದು ಬೇರೆ.

ಸೊಪ್ಪು ತರಕಾರಿಗಳ ಬೀಟಾ ಕ್ಯಾರೋಟಿನ್‌ಗೂ ಈ ಜಿಡ್ಡೇ ಮುಖ್ಯ. ಒಂದು ಊಟದಲ್ಲಿ 3ರಿಂದ 5 ಗ್ರಾಂ ಕೊಬ್ಬು, ಅಂದರೆ ಸುಮಾರು ಒಂದು ಚಮಚ ಎಣ್ಣೆ, ಇದ್ದರೆ ಅದರ ಹೀರಿಕೆಗೆ ಸಾಕಾಗುತ್ತದೆ. ನುಗ್ಗೆಸೊಪ್ಪಿನ ಪಲ್ಯಕ್ಕಾಗಲಿ ಸಿಹಿಗುಂಬಳದ ಪಲ್ಯಕ್ಕಾಗಲಿ ಎಣ್ಣೆಯನ್ನೇ ಬಿಟ್ಟು ಮೆಣಸು ಮಾತ್ರ ಉದುರಿಸಿದರೆ ಮುಖ್ಯವಾದದ್ದನ್ನೇ ಬಿಟ್ಟಂತೆ. ಮತ್ತು ಮೆಣಸು ಅದೇ ಊಟದಲ್ಲಿರಬೇಕು. ಬೆಳಿಗ್ಗೆ ಬರಿಹೊಟ್ಟೆಯಲ್ಲಿ ನುಂಗಿದ ಮೆಣಸನ್ನು ನೆಚ್ಚಿ ಮಧ್ಯಾಹ್ನದ ಪಲ್ಯವನ್ನು ಲೆಕ್ಕ ಹಾಕಬೇಡಿ.

ಆರನೆಯ ಹಂತ: ರಕ್ತಹೀನತೆಗೆ ಮೆಣಸನ್ನು ನೆಚ್ಚಿ ಕೂರಬೇಡಿ

ದೇಶದ 15ರಿಂದ 49 ವರ್ಷದ ಹೆಣ್ಣುಮಕ್ಕಳಲ್ಲಿ ಶೇ 57ರಷ್ಟು ಮಂದಿಗೆ ರಕ್ತಹೀನತೆ ಇದೆಯೆಂದು 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆ ಹೇಳುತ್ತದೆ. ಹೀಗಿರುವಾಗ ಮೆಣಸು ಕಬ್ಬಿಣಾಂಶವನ್ನೂ ಮೈಗೆ ಹತ್ತಿಸುತ್ತದೆಯೇ ಎಂಬ ಪ್ರಶ್ನೆ ಸಣ್ಣದಲ್ಲ, ಆದ್ದರಿಂದ ಇಲ್ಲಿ ಸ್ವಲ್ಪ ನಿಲ್ಲೋಣ.

ಸಿಎಫ್‌ಟಿಆರ್‌ಐಯವರು ಪೈಪರಿನ್, ಕ್ಯಾಪ್ಸೈಸಿನ್ ಅಥವಾ ಶುಂಠಿ ತಿಂದ ಇಲಿಗಳ ಕರುಳಿನ ತುಂಡುಗಳನ್ನು ಪರೀಕ್ಷಿಸಿದಾಗ ಅವು ಕಬ್ಬಿಣ, ಸತು ಮತ್ತು ಕ್ಯಾಲ್ಸಿಯಂ ಮೂರನ್ನೂ ಹೆಚ್ಚಾಗಿ ಹೀರಿಕೊಂಡವು. ಅತಿ ಹೆಚ್ಚು ಏರಿಕೆ ಕ್ಯಾಲ್ಸಿಯಂನದು, ಕೆಲವು ಸಂದರ್ಭಗಳಲ್ಲಿ ಅದು ಇಮ್ಮಡಿಯನ್ನೂ ಮೀರಿತು. ಇಷ್ಟನ್ನು ಓದಿದವರಿಗೆ ಖಾರ ತಿಂದರೆ ರಕ್ತ ಹೆಚ್ಚುತ್ತದೆಂದು ಅನಿಸುವುದು ಸಹಜ. ಆದರೆ 2006ರಲ್ಲಿ ಪ್ರಕಟವಾದ ಥಾಯ್ಲೆಂಡಿನ ಯುವತಿಯರ ಮೇಲಿನ ಅಧ್ಯಯನದಲ್ಲಿ, ಊಟದಲ್ಲಿ ಮೆಣಸಿನಕಾಯಿ ಇದ್ದಾಗ ಕಬ್ಬಿಣದ ಹೀರಿಕೆ ಶೇ 38ರಷ್ಟು ಕುಗ್ಗಿತು. ಅರಿಶಿನದಿಂದ ಅಂಥ ಕುಗ್ಗುವಿಕೆ ಕಾಣಲಿಲ್ಲ. ಇಲಿಗೆ ಬೇರ್ಪಡಿಸಿದ ಕ್ಯಾಪ್ಸೈಸಿನ್ ಕೊಟ್ಟಾಗ ಸಿಕ್ಕ ಫಲ, ಮನುಷ್ಯರು ಇಡೀ ಮೆಣಸಿನಕಾಯಿ ತಿಂದಾಗ ತಲೆಕೆಳಗಾಯಿತು. ಇಡೀ ಮಸಾಲೆ ಪದಾರ್ಥದಲ್ಲಿ ಕಬ್ಬಿಣವನ್ನು ಹಿಡಿದು ಕಟ್ಟಿಹಾಕುವ ಪಾಲಿಫಿನಾಲ್‌ಗಳೂ ಇರುತ್ತವೆ, ಇಲಿಯ ಮೇವು ನಮ್ಮ ಊಟವಲ್ಲ. ಕರಿಮೆಣಸಿನ ಖನಿಜದ ಲಾಭವನ್ನೂ ನಾನು ಇದೇ ಕಾರಣಕ್ಕೆ ಹಿಡಿತದಲ್ಲಿ ಹೇಳುತ್ತೇನೆ.

ಕಬ್ಬಿಣಕ್ಕೆ ಬೇಕಾದ ಕ್ರಮ ಬೇರೆಯೇ ಇದೆ, ಅದು ಅಗ್ಗವೂ ಹೌದು. ಸೊಪ್ಪು, ಕಾಳು, ರಾಗಿಯಲ್ಲಿರುವ ಕಬ್ಬಿಣ ಸಿ ಜೀವಸತ್ವದ ಜೊತೆಯಲ್ಲಿ ಎರಡು ಮೂರು ಪಟ್ಟು ಹೆಚ್ಚು ಹೀರಲ್ಪಡಬಲ್ಲದು, ಹಾಗಾಗಿ ಮುದ್ದೆ ಬಸ್ಸಾರಿನ ಊಟಕ್ಕೆ ಮೊದಲು ಬೇಕಾದುದು ಮೆಣಸಿಗಿಂತ ಅರ್ಧ ಹೋಳು ನಿಂಬೆ. ಅದನ್ನು ಸಾರು ಕುದಿಯುವಾಗ ಹಿಂಡದೆ ತಟ್ಟೆಯಲ್ಲಿಯೇ ಹಿಂಡಿ, ಬಿಸಿಗೆ ಸಿ ಜೀವಸತ್ವ ಹಾಳಾಗುತ್ತದೆ. ಈರುಳ್ಳಿ ಮತ್ತು ಬೆಳ್ಳುಳ್ಳಿಯೂ ಧಾನ್ಯ ಬೇಳೆಗಳ ಕಬ್ಬಿಣ ಮತ್ತು ಸತುವನ್ನು ಬಿಡಿಸಿಕೊಡುತ್ತವೆಂದು ಮೈಸೂರಿನ ಪ್ರಯೋಗಾಲಯದಲ್ಲಿ ಕಂಡಿದೆ. ಊಟವಾದ ಕೂಡಲೇ ಚಹಾ ಕುಡಿಯುವ ಅಭ್ಯಾಸವನ್ನು ಮಾತ್ರ ಬಿಡಲೇಬೇಕು. ಬ್ರೆಡ್ಡಿನ ಊಟದ ಜೊತೆ ಕಪ್ಪು ಚಹಾ ಕುಡಿದಾಗ ಕಬ್ಬಿಣದ ಹೀರಿಕೆ ಶೇ 79ರಿಂದ 94ರಷ್ಟು ಕುಗ್ಗಿದ್ದನ್ನು 1999ರ ಅಧ್ಯಯನವೊಂದು ತೋರಿಸಿದೆ. ಒಂದು ಗಂಟೆಯಾದರೂ ಅಂತರವಿರಲಿ. ವೈದ್ಯರು ಕಬ್ಬಿಣದ ಮಾತ್ರೆ ಬರೆದುಕೊಟ್ಟಿದ್ದರೆ ಅದರ ಬದಲು ಮೆಣಸಿನ ಕಷಾಯ ಕುಡಿಯುವ ಯೋಚನೆ ಬೇಡವೇ ಬೇಡ.

ಏಳನೆಯ ಹಂತ: ಮಾತ್ರೆ ತೆಗೆದುಕೊಳ್ಳುವವರು ಗುಳಿಗೆ ಕೊಳ್ಳುವ ಮುನ್ನ ನಿಲ್ಲಿ

ಪೈಪರಿನ್ ಔಷಧಿಗಳ ಮೇಲೆ ಬೀರುವ ಪ್ರಭಾವ ಊಹೆಯದಲ್ಲ, ಅದನ್ನು ಬೇಕೆಂದೇ ಬಳಸಿಕೊಂಡ ಉದಾಹರಣೆಯೂ ನಮ್ಮಲ್ಲಿದೆ. ಕ್ಷಯರೋಗಕ್ಕೆ ಕೊಡುವ ರಿಫಾಂಪಿಸಿನ್‌ನ ಸಾಮಾನ್ಯ ಪ್ರಮಾಣ 450 ಮಿಲಿಗ್ರಾಂ. 10 ಮಿಲಿಗ್ರಾಂ ಪೈಪರಿನ್ ಬೆರೆಸಿ ಅದನ್ನು 200 ಮಿಲಿಗ್ರಾಮಿಗೆ ಇಳಿಸಿದ ರಿಸೋರಿನ್ ಎಂಬ ಗುಳಿಗೆಗೆ 2009ರಲ್ಲಿ ಭಾರತದಲ್ಲಿ ಅನುಮತಿ ದೊರೆಯಿತು. ಅದೇ ಜಮ್ಮುವಿನ ಪ್ರಯೋಗಾಲಯದ ಕೆಲಸದ ಫಲವಿದು. ಔಷಧಿಯನ್ನು ಅರ್ಧಕ್ಕಿಂತ ಕಡಿಮೆ ಮಾಡಿಯೂ ಕೆಲಸ ನಡೆಯುತ್ತದೆಂದರೆ, ಪೂರ್ತಿ ಪ್ರಮಾಣದ ಮಾತ್ರೆಯ ಜೊತೆ ಯಾರಿಗೂ ಹೇಳದೆ ಪೈಪರಿನ್ ಸೇರಿಸಿದರೆ ಏನಾಗಬಹುದೆಂಬುದನ್ನು ನೀವೇ ಲೆಕ್ಕ ಹಾಕಬಹುದು.

ದಿನಕ್ಕೆ 20 ಮಿಲಿಗ್ರಾಂ ಪೈಪರಿನ್ ಅನ್ನು ಒಂದು ವಾರ ತೆಗೆದುಕೊಂಡ ಆರೋಗ್ಯವಂತರಲ್ಲಿ, ರಕ್ತದೊತ್ತಡಕ್ಕೆ ಕೊಡುವ ಪ್ರೊಪ್ರನೊಲೋಲ್ ಮತ್ತು ಉಬ್ಬಸಕ್ಕೆ ಕೊಡುವ ಥಿಯೋಫಿಲಿನ್ ಎರಡೂ ರಕ್ತದಲ್ಲಿ ಹೆಚ್ಚಿದ್ದು 1991ರಲ್ಲಿಯೇ ವರದಿಯಾಗಿದೆ. ಅಪಸ್ಮಾರಕ್ಕೆ ಕೊಡುವ ಫೆನಿಟೋಯಿನ್ ವಿಷಯದಲ್ಲಿ ಇನ್ನೂ ಹೆಚ್ಚಿನ ಎಚ್ಚರ ಬೇಕು. ಕರಿಮೆಣಸು ಹಾಕಿದ ಸೂಪ್ ಕುಡಿದು ಮಾತ್ರೆ ನುಂಗಿದವರಲ್ಲಿಯೂ ಅದರ ಪ್ರಮಾಣ ಏರಿತ್ತು, ಮತ್ತು ಫೆನಿಟೋಯಿನ್ ತುಸು ಹೆಚ್ಚಾದರೂ ತಲೆಸುತ್ತು, ತೂರಾಟ ಶುರುವಾಗುವ ಔಷಧಿ. ಅಪಸ್ಮಾರಕ್ಕೇ ಕೊಡುವ ಕಾರ್ಬಮಜೆಪಿನ್, ರಕ್ತ ತೆಳುಗೊಳಿಸುವ ವಾರ್ಫರಿನ್, ಅಂಗ ಕಸಿ ಮಾಡಿಸಿಕೊಂಡವರ ಸೈಕ್ಲೊಸ್ಪೊರಿನ್ ಮತ್ತು ಟ್ಯಾಕ್ರೊಲಿಮಸ್ ಕೂಡ ಹೆಚ್ಚುಕಡಿಮೆಯನ್ನು ಸಹಿಸದ ಗುಂಪಿನವೇ. ಇವುಗಳಲ್ಲಿ ಯಾವುದನ್ನು ಸೇವಿಸುತ್ತಿದ್ದರೂ ಪೈಪರಿನ್ ಇರುವ ಗುಳಿಗೆಯನ್ನು ವೈದ್ಯರ ಒಪ್ಪಿಗೆಯಿಲ್ಲದೆ ಮುಟ್ಟಬೇಡಿ.

ಔಷಧಿ ಸೇವಿಸದವರಿಗೂ ಗುಳಿಗೆ ಮತ್ತು ಕಾಳು ಒಂದೇ ಅಲ್ಲ. ಊಟದಲ್ಲಿನ ಮೆಣಸು ಅನ್ನ, ಬೇಳೆ, ನಾರಿನ ನಡುವೆ ಹಂಚಿಹೋಗಿ ನಿಧಾನವಾಗಿ ಕರುಳನ್ನು ಸೇರುತ್ತದೆ, ಗುಳಿಗೆಯದು ಒಂದೇ ಹೊತ್ತಿಗೆ ಸುರಿದಂತೆ. ಈ ವ್ಯತ್ಯಾಸವನ್ನು ಗಮನದಲ್ಲಿಟ್ಟೇ ಜರ್ಮನಿಯ ಸರ್ಕಾರಿ ಅಪಾಯ ಮೌಲ್ಯಮಾಪನ ಸಂಸ್ಥೆ, ಬೇರ್ಪಡಿಸಿದ ಪೈಪರಿನ್ ಅನ್ನು ಪೂರಕವಾಗಿ ಕೊಡುವುದಾದರೆ ದಿನಕ್ಕೆ 2 ಮಿಲಿಗ್ರಾಂ ಮೀರದಿರಲಿ ಎಂದಿದೆ, ಗರ್ಭಿಣಿಯರು ಅದನ್ನು ತೆಗೆದುಕೊಳ್ಳದಿರುವುದೇ ಲೇಸೆಂದೂ ಹೇಳಿದೆ. ಅಮೆರಿಕದಲ್ಲಿ ಅರಿಶಿನದ ಪೂರಕಗಳಿಂದ ಪಿತ್ತಜನಕಾಂಗಕ್ಕೆ ಹಾನಿಯಾದ 10 ಪ್ರಕರಣಗಳ ವರದಿ 2022ರಲ್ಲಿ ಬಂತು. ಅವರು ಬಳಸಿದ ಉತ್ಪನ್ನಗಳಲ್ಲಿ ಕೆಲವಕ್ಕೆ ಪೈಪರಿನ್ ಬೆರೆಸಲಾಗಿತ್ತು. ಅರಿಶಿನ ತಿಂದು ಬೆಳೆದ ನಮಗೆ ಇದು ವಿಚಿತ್ರವೆನಿಸಬಹುದು, ಆದರೆ ಅಲ್ಲಿ ಹೊಟ್ಟೆ ಸೇರಿದ್ದು ಸಾರಿನ ಅರಿಶಿನವಲ್ಲ, ದಟ್ಟವಾಗಿಸಿದ ಸಾರ. ಆದ್ದರಿಂದ ಕರ್ಕ್ಯುಮಿನ್, ಕೋಎಂಜೈಮ್ ಕ್ಯೂ10, ಬಹುಜೀವಸತ್ವ ಎಂದು ಬರೆದ ಯಾವುದೇ ಡಬ್ಬಿಯ ಹಿಂಬದಿಯನ್ನು ತಿರುಗಿಸಿ ಓದಿ. ಕರಿಮೆಣಸಿನ ಸಾರ, ಪೈಪರ್ ನೈಗ್ರಮ್, ಪೈಪರಿನ್ ಶೇ 95 ಎಂಬ ಮಾತುಗಳಲ್ಲಿ ಯಾವುದಿದ್ದರೂ ಅರ್ಥ ಒಂದೇ. ಆಮ್ಲಪಿತ್ತ, ಹೊಟ್ಟೆಹುಣ್ಣು ಇರುವವರಿಗೆ ಮೆಣಸು ತಾನೇ ತನ್ನ ಮಿತಿ ಹೇಳುತ್ತದೆ, ಉರಿ ಬಂದರೆ ಕಡಿಮೆ ಮಾಡಿದರಾಯಿತು.

ನನ್ನ ಚಿಕ್ಕಮ್ಮ ಹಲವು ವರ್ಷಗಳಿಂದ ಪ್ರೊಪ್ರನೊಲೋಲ್ ತೆಗೆದುಕೊಳ್ಳುತ್ತಿದ್ದಾರೆ. ಮಂಡಿನೋವಿಗೆಂದು ಯಾರೋ ಕೊಡಿಸಿದ ಅರಿಶಿನದ ಗುಳಿಗೆಯ ಡಬ್ಬಿ ಅವರ ಮಾತ್ರೆಗಳ ಪೆಟ್ಟಿಗೆಯ ಪಕ್ಕದಲ್ಲಿಯೇ ಇತ್ತು. ಡಾಕ್ಟರಿಗೆ ಹೇಳಿದ್ದೀರಾ ಎಂದು ಕೇಳಿದ್ದಕ್ಕೆ, "ಅದೇನು ಔಷಧೀನಾ? ಅರಿಶಿನ ಮೆಣಸು ತಾನೇ, ದಿನಾ ತಿನ್ನೋದೇ ಅಲ್ವಾ" ಎಂದರು. ಹಿಂಬದಿಯಲ್ಲಿ ಕನ್ನಡಕವಿಲ್ಲದೆ ಓದಲಾಗದ ಅಕ್ಷರಗಳಲ್ಲಿ ಪೈಪರಿನ್ ಎಂದಿತ್ತು. ಮುಂದಿನ ಭೇಟಿಗೆ ಡಬ್ಬಿಯನ್ನೇ ಚೀಲಕ್ಕೆ ಹಾಕಿಕೊಂಡು ಹೋದೆವು. ವೈದ್ಯರು ಗುಳಿಗೆಯನ್ನು ನಿಲ್ಲಿಸಿ, ಅದರ ಹೆಸರನ್ನು ಫೈಲಿನಲ್ಲಿ ಮಾತ್ರೆಗಳ ಪಟ್ಟಿಯ ಕೆಳಗೆ ಬರೆದುಕೊಂಡರು. ಮೆಣಸಿನ ಸಾರನ್ನು ಬಿಡಬೇಕೇ ಎಂದು ಚಿಕ್ಕಮ್ಮ ಅಂಜುತ್ತಲೇ ಕೇಳಿದಾಗ, ಬಿಡಬೇಕಿಲ್ಲ, ಆ ಸಾರು ಉಣ್ಣುತ್ತಿದ್ದಾಗಲೇ ಮಾತ್ರೆಯ ಪ್ರಮಾಣ ಗೊತ್ತುಮಾಡಿದ್ದು, ಇಷ್ಟು ದಿನ ಹೇಗೆ ಉಣ್ಣುತ್ತಿದ್ದಿರೋ ಹಾಗೆಯೇ ಉಣ್ಣಿ, ಒಮ್ಮೆಲೇ ಹೆಚ್ಚಿಸಬೇಡಿ ಎಂದರು.